ಹದಿನೇಳು ತಾಲೂಕಿನ ಮಾಸ್ತರು

ಹೋದ ವಾರ ನಮ್ಮ ಪಕ್ಕದ ಖಾಲಿ ನಿವೇಶನಕ್ಕೆ ಟಿಪ್ಪರ್ ಬಂತು. ಬೆಂಗೇರಿಯ ಈ ಭಾಗದಲ್ಲಿ ಮನೆ ಕಟ್ಟಿಸುವವರು ಮೊದಲು ಎರೆಮಣ್ಣನ್ನು ತೆಗೆಸುತ್ತಾರೆ. ಎರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ಅದರ ಮೇಲೆ ನಿಂತ ಗೋಡೆ ಸೀಳುತ್ತದೆ. ಆದ್ದರಿಂದ ಕಪ್ಪು ಮಣ್ಣನ್ನು ತೆಗೆದು ಆ ಕುಣಿಗೆ ಕೆಂಪು ಮಸಾರಿ ತುಂಬಿಸುತ್ತಾರೆ. ಬೆಳಿಗ್ಗೆ ಆರಕ್ಕೆ ನಾನು ಗಿಡಗಳಿಗೆ ನೀರು ಹಾಕುವ ಹೊತ್ತಿಗೆ ಕೆಲಸದವನೊಬ್ಬ ಎರಡೂ ಗುಡ್ಡೆಗಳ ಮೇಲೆ ಪೈಪಿನಿಂದ ನೀರು ಬಿಡುತ್ತಿದ್ದ. ಹಸಿ ಎರೆಯ ವಾಸನೆ ಬೇರೆ, ಹಸಿ ಮಸಾರಿಯ ವಾಸನೆ ಬೇರೆ. ಎರೆಯದು ಕೆರೆಯ ತಳದ ವಾಸನೆ, ಮಸಾರಿಯದು ಹೊಸ ಗಡಿಗೆಯ ವಾಸನೆ. ಈ ವ್ಯತ್ಯಾಸವನ್ನು ನನಗೆ ಕಲಿಸಿದವರು ಒಬ್ಬ ಮಾಸ್ತರು. ಅವರನ್ನು ನೆನೆಯುತ್ತ ನಿಂತು ಆ ಬೆಳಿಗ್ಗೆ ನನ್ನ ಚಹಾ ಇಪ್ಪತ್ತು ನಿಮಿಷ ತಡವಾಯಿತು.

ಕಮರಿಪೇಟೆಯ ಹತ್ತಿರದ ಒಂದು ಸಣ್ಣ ಶಾಲೆಯಲ್ಲಿ ನಾವಿಬ್ಬರೂ ಕೆಲಸ ಮಾಡುತ್ತಿದ್ದೆವು. ಅಲ್ಲಿ ಒಂದರಿಂದ ನಾಲ್ಕನೆಯ ಇಯತ್ತೆಯವರೆಗೆ, ಅಂದರೆ ನಾಲ್ಕನೆಯ ತರಗತಿಯವರೆಗೆ, ಮಾತ್ರ ಇತ್ತು. ನಾಲ್ಕನೆಯ ಇಯತ್ತೆಯ ಎ ವರ್ಗ ಮಾಸ್ತರದು, ಬಿ ವರ್ಗ ನನ್ನದು. ಅವರು ನನಗಿಂತ ಹದಿನೈದು ವರ್ಷ ಹಿರಿಯರು. ನಾನು ಗಡಿಯಾರ ನೋಡಿ ಬದುಕುವವಳು. ಹತ್ತು ಇಪ್ಪತ್ತಕ್ಕೆ ಹಾಜರಿ, ಹತ್ತೂವರೆಗೆ ಮೊದಲ ಪಾಠ, ಆ ದಿನದ ಪಾಠಟಿಪ್ಪಣಿ ಹಿಂದಿನ ದಿನವೇ ಬರೆದು ಸಿದ್ಧ. ನನ್ನ ತಂದೆ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು, ಅಲ್ಲಿಯ ಸೈರನ್ನಿಗೆ ನಮ್ಮ ಮನೆಯ ಊಟ, ನಿದ್ದೆ ಎಲ್ಲವೂ ನಡೆಯುತ್ತಿದ್ದವು. ಮಾಸ್ತರಿಗೆ ಇದೆಲ್ಲ ತಮಾಷೆಯಾಗಿ ಕಾಣುತ್ತಿತ್ತು.

“ಅಕ್ಕೋರ, ಸೂರ್ಯಪ್ಪ ನಿಮ್ಮನ್ನ ಕೇಳೇ ಏಳ್ತಾನೇನ್ರಿ?” ಎಂದು ಮಕ್ಕಳ ಎದುರಿಗೇ ಕೇಳುತ್ತಿದ್ದರು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಎನ್ನುವುದೇ ವಾಡಿಕೆ.

ಆಗ ನಾಲ್ಕನೆಯ ಇಯತ್ತೆಗೆ ನಮ್ಮ ಜಿಲ್ಲೆಯ ಬಗ್ಗೆ ಒಂದು ಪುಸ್ತಕವಿತ್ತು. ಧಾರವಾಡ ಜಿಲ್ಲೆಯ ಗಡಿ, ನದಿ, ಬೆಳೆ, ಮಳೆ, ಹಳೆಯ ಅರಸರು. ನಾನು ಪುಸ್ತಕ ತೆರೆದು ಓದಿಸುತ್ತಿದ್ದೆ, ಪ್ರಶ್ನೋತ್ತರ ಬರೆಸುತ್ತಿದ್ದೆ, ಶನಿವಾರ ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಮಾಸ್ತರು ಜಿಲ್ಲೆಯನ್ನು ಅಂಗಳದಲ್ಲಿ ಕಲಿಸುತ್ತಿದ್ದರು.

ಅವರ ಹತ್ತಿರ ಹದಿನೇಳು ಬಟ್ಟೆಯ ಚೀಲಗಳಿದ್ದವು. ಒಂದೊಂದರಲ್ಲೂ ಒಂದೊಂದು ತಾಲೂಕಿನ ಮಣ್ಣು. ಪ್ರತಿ ತಾಲೂಕಿಗೂ ತಾವೇ ಬಸ್ಸಿನಲ್ಲಿ ಹೋಗಿ, ಯಾವುದಾದರೂ ಹೊಲದ ಬದುವಿನಲ್ಲಿ ನಿಂತು, ಒಡೆಯನನ್ನು ಕೇಳಿ ತಂದದ್ದು. ಅವರ ಬಹಳಷ್ಟು ರವಿವಾರಗಳು ಹಾಗೆ ಕಳೆದಿದ್ದವು. ಕಾಣದ ಊರಿನ ಪಾಠವನ್ನು ಅವರು ಹೇಳುತ್ತಿರಲಿಲ್ಲ. “ನಾನ ನೋಡಿಲ್ಲ ಅಂದಮ್ಯಾಲ ಹುಡುಗರಿಗೆ ಏನಂತ ಹೇಳ್ಲಿ?” ಎಂಬುದು ಅವರ ವಾದ. ಶಾಲೆಯ ಹಿಂದಿನ ಅಂಗಳದಲ್ಲಿ ಸುಣ್ಣದಿಂದ ಜಿಲ್ಲೆಯ ಗಡಿ ಎಳೆದು, ಚೀಲ ಬಿಚ್ಚಿ, ಮಣ್ಣು ಹರಡುತ್ತಿದ್ದರು. ಮೂಡಲ ದಿಕ್ಕಿಗೆ ನವಲಗುಂದ, ನರಗುಂದ, ರೋಣದ ಕಪ್ಪು ಎರೆ. ಪಡುವಲಕ್ಕೆ ಕಲಘಟಗಿಯ ಕೆಂಪು. ತೆಂಕಲಿಗೆ ಹಾನಗಲ್, ಹಿರೇಕೆರೂರು. ನಡುವೆ ಎತ್ತರಕ್ಕೆ ಮಣ್ಣು ಒಟ್ಟಿ ಧಾರವಾಡ ಹುಬ್ಬಳ್ಳಿಯ ದಿನ್ನೆ. ಕಪ್ಪತಗುಡ್ಡಕ್ಕೆ ನಾಲ್ಕು ಜಲ್ಲಿಕಲ್ಲು. ಒಂದೊಂದು ತಾಲೂಕಿನ ಮೇಲೆ ಒಬ್ಬೊಬ್ಬ ಮಗು.

“ಸವಣೂರು, ಅತ್ತಾಗ ಸರಿ. ನೀ ಶಿಗ್ಗಾವಿ ಮ್ಯಾಲ ನಿಂತಿ. ಅವರು ಜಗಳಕ್ಕ ಬರ್ತಾರ.”

ಕೊನೆಗೆ ನಡುವಿನ ದಿನ್ನೆಯ ಮೇಲೆ ಒಂದು ತಂಬಿಗೆ ನೀರು ಸುರಿಯುತ್ತಿದ್ದರು. ನೀರು ಎರಡಾಗಿ ಹರಿಯುತ್ತಿತ್ತು. ಒಂದು ಪಾಲು ಕಲಘಟಗಿಯ ಕಡೆ ಇಳಿದು, ಬೇಡ್ತಿಯಾಗಿ ಪಡುವಣ ಸಮುದ್ರಕ್ಕೆ. ಇನ್ನೊಂದು ಪಾಲು ಬೆಣ್ಣಿಹಳ್ಳಕ್ಕೆ ಸೇರಿ, ಮಲಪ್ರಭೆಗೆ, ಕೃಷ್ಣೆಗೆ, ಮೂಡಣ ಸಮುದ್ರಕ್ಕೆ. “ಒಂದ ಮಳಿ, ಎರಡು ಸಮುದ್ರ” ಎಂದು ಮಾಸ್ತರು ಹೇಳುವಾಗ ಎ ವರ್ಗದ ಮಕ್ಕಳು ಕೂಗುತ್ತಿದ್ದರು. ನನ್ನ ವರ್ಗದವರು ಕಿಟಕಿಯತ್ತ ಕತ್ತು ಚಾಚುತ್ತಿದ್ದರು. ನಾನು ಎದ್ದು ಕಿಟಕಿ ಮುಚ್ಚುತ್ತಿದ್ದೆ.

ಒಂದು ವರ್ಷ ಮಳೆಗಾಲದಲ್ಲಿ ಸರಕಾರ ಧಾರವಾಡ ಜಿಲ್ಲೆಯನ್ನು ಮೂರಾಗಿ ಒಡೆಯಿತು. ಗದಗ ಬೇರೆಯಾಯಿತು, ಹಾವೇರಿ ಬೇರೆಯಾಯಿತು. ಮರುದಿನ ಮಾಸ್ತರು ಕಸಬರಿಗೆ ಹಿಡಿದು ಅಂಗಳಕ್ಕೆ ಇಳಿದರು. ಹರಡಿದ್ದ ಮಣ್ಣನ್ನು ನಿಧಾನವಾಗಿ ಸರಿಸಿ, ನಡುವೆ ಒಂದು ಗೇಣು ಜಾಗ ಬಿಟ್ಟು, ಮೂರು ಭಾಗ ಮಾಡಿದರು. ಗದಗಿಗೆ ಐದು ತಾಲೂಕು, ಹಾವೇರಿಗೆ ಏಳು, ನಮಗೆ ಉಳಿದವು ಐದು.

ಒಬ್ಬ ಹುಡುಗ ಕೈ ಎತ್ತಿದ. “ಸರ್, ನಮ್ಮ ಅಮ್ಮಂದು ತವರುಮನಿ ಬ್ಯಾಡಗಿರಿ. ಇನ್ನ ಅಕಿ ಪರದೇಶದಾಕಿ ಏನ್ರಿ?”

“ಬ್ಯಾರೆ ಜಿಲ್ಲಾದಾಕಿ ಆದಳೋ ತಮ್ಮಾ. ಮೆಣಸಿನಕಾಯಿ ಬಣ್ಣಾ ಏನ್ ಕಡಿಮಿ ಆಗಂಗಿಲ್ಲ, ನೀ ಅಂಜಬ್ಯಾಡ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನೋಡ್ರಿ ಅಕ್ಕೋರ, ನಾ ಹುಟ್ಟಿದ್ದು ಮುಂಬಯಿ ಇಲಾಖೆದಾಗ, ನೌಕರಿಗೆ ಸೇರಿದ್ದು ಮೈಸೂರು ರಾಜ್ಯದಾಗ, ರಿಟೈರ್ ಆಗೂದು ಕರ್ನಾಟಕದಾಗ. ಮೂರೂ ಒಂದ ಮನ್ಯಾಗಿಂದ” ಎಂದು ನಕ್ಕರು.

ಆ ವರ್ಷ ಅವರ ವರ್ಗದಲ್ಲಿ ಒಬ್ಬ ಹುಡುಗಿ ಇದ್ದಳು. ತಾಯಿ ಚುರುಮುರಿ ಭಟ್ಟಿಯಲ್ಲಿ, ಮಂಡಕ್ಕಿ ಹುರಿಯುವ ಒಲೆಯ ಮುಂದೆ, ದುಡಿಯುತ್ತಿದ್ದಳು, ತಂದೆ ಪೇಟೆಯಲ್ಲಿ ಹಮಾಲ. ಹುಡುಗಿ ಎರಡೂ ವರ್ಗಗಳಲ್ಲಿ ಎಲ್ಲರಿಗಿಂತ ಮುಂದು. ಆದರೆ ನಾಲ್ಕನೆಯ ಇಯತ್ತೆಯ ನಂತರದ ಶಾಲೆ ದೊಡ್ಡ ರಸ್ತೆ ದಾಟಿ ಒಂದೂವರೆ ಮೈಲಿ ದೂರ. ಲಾರಿಗಳ ರಸ್ತೆ. ಹೆಣ್ಣು ಹುಡುಗಿಯನ್ನು ಒಬ್ಬಳೇ ಅಷ್ಟು ದೂರ ಕಳಿಸುವುದಿಲ್ಲವೆಂದು ತಂದೆ ಮೊದಲೇ ಹೇಳಿಬಿಟ್ಟಿದ್ದ. ಊರ ಹೊರಗೆ ಒಂದು ವಸತಿ ಶಾಲೆ ಇತ್ತು. ಅಲ್ಲಿ ಊಟ, ವಸತಿ, ಪಾಠ ಎಲ್ಲ ಪುಕ್ಕಟೆ. ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಅದು ಪ್ರವೇಶ ಪರೀಕ್ಷೆ ನಡೆಸುತ್ತಿತ್ತು. ಅಲ್ಲಿ ಸೀಟು ಸಿಕ್ಕರೆ ಹುಡುಗಿ ಓದುತ್ತಾಳೆ, ಇಲ್ಲದಿದ್ದರೆ ತಾಯಿಯ ಜೊತೆ ಭಟ್ಟಿಗೆ ಹೋಗುತ್ತಾಳೆ. ಇದು ನಮ್ಮ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.

ಆ ಪ್ರವೇಶ ಪರೀಕ್ಷೆಗೆ ಹದಿನೈದು ದಿನವಿರುವಾಗ ನಾನು ಮಾಸ್ತರ ಹತ್ತಿರ ಹೋದೆ. ಜಿಲ್ಲೆಯಲ್ಲಿ ತಾಲೂಕು ಎಷ್ಟು ಎಂಬ ಪ್ರಶ್ನೆ ಅದರಲ್ಲಿ ಪ್ರತಿ ವರ್ಷ ಬರುತ್ತಿತ್ತು. ಪುಸ್ತಕ ಇನ್ನೂ ಬದಲಾಗಿರಲಿಲ್ಲ, ಅದರಲ್ಲಿ ಹದಿನೇಳು ಎಂದೇ ಇತ್ತು.

“ಸರ್, ಹುಡುಗರಿಗೆ ಹದಿನೇಳು ಅಂತ ಬರೀಲಿಕ್ಕೆ ಹೇಳ್ರಿ. ಪೇಪರ್ ತೆಗಿಯೋರು ಪುಸ್ತಕ ನೋಡೇ ತೆಗೀತಾರ.”

“ಗೊತ್ತಿದ್ದೂ ಸುಳ್ಳು ಬರೀರಿ ಅಂತ ಹ್ಯಾಂಗ್ ಹೇಳ್ಲಿ ಅಕ್ಕೋರ?”

“ಸುಳ್ಳಲ್ರಿ, ಪುಸ್ತಕದಾಗಿಂದು.”

“ಪುಸ್ತಕ ಹೋದ ವರ್ಷದ್ದು. ಜಿಲ್ಲಾ ಈ ವರ್ಷದ್ದು” ಎಂದರು ಮಾಸ್ತರು. ಅಲ್ಲಿಗೆ ಮಾತು ಮುಗಿಯಿತು. ನಾನು ನನ್ನ ವರ್ಗಕ್ಕೆ ಹೋಗಿ ಹದಿನೇಳು ಎಂದು ಹತ್ತು ಸಲ ಬರೆಸಿದೆ.

ಏಪ್ರಿಲ್‌ನಲ್ಲಿ ವಸತಿ ಶಾಲೆಯ ಬಾಗಿಲಿಗೆ ಆಯ್ಕೆಯ ಪಟ್ಟಿ ಅಂಟಿಸಿದರು. ನನ್ನ ವರ್ಗದ ಇಬ್ಬರಿಗೆ ಸೀಟು ಸಿಕ್ಕಿತ್ತು. ಅವರಲ್ಲಿ ಒಬ್ಬ, ಸೈಕಲ್ ಅಂಗಡಿಯವನ ಮಗ, ಪಟ್ಟಿಯ ಕೊನೆಯ ಹೆಸರು. ಮಾಸ್ತರ ವರ್ಗದ ಆ ಹುಡುಗಿಯ ಹೆಸರು ಕಾಯುವವರ ಪಟ್ಟಿಯಲ್ಲಿ ಮೊದಲು. ಅವಳಿಗೂ ಆ ಹುಡುಗನಿಗೂ ಒಂದೇ ಅಂಕದ ಅಂತರ.

ಮಾಸ್ತರು ಅಲ್ಲಿಗೆ ಹೋಗಿ ಉತ್ತರಪತ್ರಿಕೆ ನೋಡಬೇಕೆಂದು ಕುಳಿತರು. ಅಲ್ಲಿಯವರು ತೋರಿಸಿದರು. ಹುಡುಗಿ ಐದು ಎಂದು ಬರೆದು, ಐದು ಹೆಸರನ್ನೂ ಕೇಳದಿದ್ದರೂ ಬರೆದಿದ್ದಳು. ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ. ಅಲ್ಲಿಯ ಮುಖ್ಯಸ್ಥರು ಕೆಟ್ಟವರೇನಲ್ಲ. ನಿಮ್ಮ ಶಾಲೆಯ ನಾಲ್ಕನೆಯ ಇಯತ್ತೆಯ ಶಿಕ್ಷಕರಿಬ್ಬರೂ ಸೇರಿ, ಸರಿ ಉತ್ತರ ಐದು ಎಂದು ಬರೆದು ಸಹಿ ಮಾಡಿ ಕೊಡಿ, ಸಮಿತಿಯ ಮುಂದೆ ಇಟ್ಟು ಪಟ್ಟಿ ಬದಲಿಸುತ್ತೇನೆ ಎಂದರಂತೆ. ಒಬ್ಬರದೇ ಸಹಿ ಇದ್ದರೆ ತಮ್ಮ ವಿದ್ಯಾರ್ಥಿಯ ಪರವಾಗಿ ಬರೆದಂತೆ ಆಗುತ್ತದೆ, ನಡೆಯುವುದಿಲ್ಲ ಎಂದರಂತೆ.

ಮಾಸ್ತರು ಅರ್ಜಿ ಬರೆದುಕೊಂಡೇ ನನ್ನ ವರ್ಗಕ್ಕೆ ಬಂದರು. ರಜೆ ಶುರುವಾಗಿತ್ತು, ಕೋಣೆಯಲ್ಲಿ ನಾನೊಬ್ಬಳೇ ಅಂಕಪಟ್ಟಿ ತುಂಬುತ್ತಿದ್ದೆ. ಮಕ್ಕಳ ಸಣ್ಣ ಬೆಂಚಿನ ಮೇಲೆ ಮೊಳಕಾಲು ಮಡಿಚಿ ಕುಳಿತು, ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದರು. ಐದು ಸರಿಯಾದರೆ ಹದಿನೇಳು ತಪ್ಪಾಗುತ್ತದೆ. ಹುಡುಗಿಗೆ ಒಂದು ಅಂಕ ಹೆಚ್ಚು, ನನ್ನ ಹುಡುಗನಿಗೆ ಒಂದು ಅಂಕ ಕಡಿಮೆ. ಅವಳು ಒಳಗೆ, ಇವನು ಹೊರಗೆ. “ಇದನ್ನ ನಿಮಗ ಹೇಳಲಾರದ ಸಹಿ ಕೇಳೂದು ಸರಿ ಅಲ್ಲ, ಅದಕ್ಕ ಹೇಳಿದೆ” ಎಂದರು.

ಸೈಕಲ್ ಅಂಗಡಿಯವನು ಆಗಲೇ ಮಗನಿಗೆ ಟ್ರಂಕು ಕೊಂಡಿದ್ದ. ಅದರ ಮೇಲೆ ಮಗನ ಹೆಸರು ಬರೆಸಿ, ಅಂಗಡಿಯ ಮುಂದೆ ಇಟ್ಟು, ಬಂದವರಿಗೆಲ್ಲ ತೋರಿಸುತ್ತಿದ್ದ. ಸೀಟು ತಪ್ಪಿದರೂ ಅವನನ್ನು ಅಪ್ಪ ಆ ದೂರದ ಶಾಲೆಗೆ ಹೇಗೂ ಕಳಿಸುತ್ತಿದ್ದ. ಅದೂ ನನಗೆ ಗೊತ್ತಿತ್ತು.

“ಸರ್, ಜಿಲ್ಲಾ ಒಡದದ್ದಕ್ಕ ನಮ್ಮ ಸಾಲಿಗೆ ಇನ್ನೂ ಸುತ್ತೋಲೆ ಬಂದಿಲ್ಲ. ಬರೂತನಕ ನಾ ಪುಸ್ತಕ ಬಿಟ್ಟು ಸಹಿ ಮಾಡಂಗಿಲ್ಲ” ಎಂದೆ.

ಮಾಸ್ತರು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ… ಏನಿತ್ತೋ ನಾನು ಓದಲಿಲ್ಲ. ಅಂಕಪಟ್ಟಿಯತ್ತ ತಲೆ ಬಗ್ಗಿಸಿದ್ದೆ. “ಆತ್ರಿ” ಎಂದು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಹೊರಟರು. ಆ ದಿನ ನಾನು ಒಂದು ಅಂಕಪಟ್ಟಿಯನ್ನೂ ತಪ್ಪು ತುಂಬಲಿಲ್ಲ.

ಸಂಜೆ ಅವರು ಹುಡುಗಿಯ ಮನೆಗೆ ಹೋದರೆಂದು ಆಮೇಲೆ ತಿಳಿಯಿತು. ನಮ್ಮ ಶಾಲೆಯ ಸಿಪಾಯಿ ಆ ಹುಡುಗಿಯ ಓಣಿಯವನೇ, ಅವನು ಬಂದು ಹೇಳಿದ. ಮಾಸ್ತರು ಬಾಗಿಲಲ್ಲೇ ನಿಂತು, “ನಿಮ್ಮ ಮಗಳು ಖರೇ ಬರದಾಳ, ತಪ್ಪು ನಂದು” ಎಂದರಂತೆ. ಹಮಾಲನಿಗೆ ಅರ್ಥವಾಗಲಿಲ್ಲ. “ಖರೇ ಬರದ್ರ ಸೀಟ್ ಯಾಕ ಸಿಗಲಿಲ್ರಿ ಸರ್?” ಎಂದು ಕೇಳಿದನಂತೆ. ಮಾಸ್ತರು, ನಾನು ಮುಂದಿನ ತಿಂಗಳು ರಿಟೈರ್ ಆಗುತ್ತೇನೆ, ದಿನಾ ಬಂದು ಇವಳನ್ನು ಆ ದೂರದ ಶಾಲೆಗೆ ಮುಟ್ಟಿಸಿ ಸಂಜೆ ಮನೆಗೆ ತಂದು ಬಿಡುತ್ತೇನೆ, ಭಟ್ಟಿಗೆ ಮಾತ್ರ ಕಳಿಸಬೇಡ ಎಂದರಂತೆ.

“ಎಷ್ಟು ದಿನ ಬರ್ತೀರಿ ಸರ್?”

“ನಿನಗ ಸಾಕು ಅನಿಸೂತನಕ.”

ಮೇ ತಿಂಗಳ ಕೊನೆಯ ದಿನ ಮಾಸ್ತರು ನಿವೃತ್ತರಾದರು. ಹಾರ, ಶಾಲು, ಎರಡು ಮಾತು. ಎಲ್ಲ ಮುಗಿದ ಮೇಲೆ ಹದಿನೇಳೂ ಚೀಲಗಳನ್ನು ತಂದು, ಒಂದೊಂದೇ ಬಿಚ್ಚಿ, ಅಂಗಳದ ಬೇವಿನ ಗಿಡದ ಬುಡಕ್ಕೆ ಸುರಿದರು. ಮುಂದಿನ ವರ್ಷದ ಮಕ್ಕಳಿಗೆ ಇರಲಿ, ಬಿಟ್ಟು ಹೋಗಿ ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಮಾಸ್ತರು ಕೇಳಿಸಿಕೊಳ್ಳಲಿಲ್ಲ. ಖಾಲಿ ಚೀಲಗಳನ್ನು ಜಾಡಿಸಿ, ಮಡಿಚಿ, ಕಂಕುಳಲ್ಲಿಟ್ಟುಕೊಂಡು ಹೋದರು.

ಜೂನ್‌ನಿಂದ ಮೂರು ವರ್ಷ, ಬೆಳಿಗ್ಗೆ ಹತ್ತಕ್ಕೆ, ನಮ್ಮ ಶಾಲೆಯ ಮುಂದಿನ ರಸ್ತೆಯಲ್ಲಿ ಅವರಿಬ್ಬರೂ ಹಾದುಹೋಗುತ್ತಿದ್ದರು. ಮಾಸ್ತರು ಲಾರಿಗಳ ಕಡೆಗೆ, ಹುಡುಗಿ ಗೋಡೆಯ ಕಡೆಗೆ. ಸಮಯದ ಪರಿವೆಯಿಲ್ಲದ ಆ ಮನುಷ್ಯ ಮೂರು ವರ್ಷದಲ್ಲಿ ಐದು ನಿಮಿಷ ತಡ ಮಾಡಿದ್ದನ್ನು ನಾನು ಕಾಣಲಿಲ್ಲ. ಜಿಲ್ಲೆಯೆಲ್ಲ ಸುತ್ತಿದವರು ಆ ಒಂದೂವರೆ ಮೈಲಿಯನ್ನೇ ದಿನಕ್ಕೆ ನಾಲ್ಕು ಸಲ ತುಳಿದರು. ನನ್ನನ್ನು ಕಂಡರೆ ಕೈ ಎತ್ತುತ್ತಿದ್ದರು. ನಾನೂ ಎತ್ತುತ್ತಿದ್ದೆ. ಮಾತು ಎಂದೂ ಆಗಲಿಲ್ಲ. ಆಗಬಹುದಿತ್ತು… ರಸ್ತೆ ಅಗಲವೇನಿರಲಿಲ್ಲ.

ಹೊಸ ಪುಸ್ತಕ ಬಂದಾಗ ಅದರಲ್ಲಿ ಐದು ತಾಲೂಕು ಎಂದು ಅಚ್ಚಾಗಿತ್ತು. ನಾನು ಮಕ್ಕಳಿಂದ ಐದು ಎಂದು ಹತ್ತು ಸಲ ಬರೆಸಿದೆ. ಹುಡುಗಿ ಏಳನೆಯದನ್ನು ಮುಗಿಸುವ ಹೊತ್ತಿಗೆ ತಂದೆಗೆ ಧೈರ್ಯ ಬಂದಿತ್ತು, ಅವಳು ಹೈಸ್ಕೂಲಿಗೆ ಗೆಳತಿಯರ ಜೊತೆ ಹೋಗತೊಡಗಿದಳು. ಕೆಲವು ವರ್ಷಗಳ ನಂತರ ಮಾಸ್ತರು ತೀರಿಕೊಂಡರು. ಸುದ್ದಿ ಬಂದಾಗ ಹೋಗಿ, ಹದಿನೈದು ನಿಮಿಷ ನಿಂತು, ಮಧ್ಯಾಹ್ನದ ಪಾಠಕ್ಕೆ ಶಾಲೆಗೆ ಮರಳಿದೆ. ನನಗೂ ನಿವೃತ್ತಿಯಾಯಿತು. ಸೈಕಲ್ ಅಂಗಡಿಯವನ ಮಗ ಈಗ ಒಳ್ಳೆಯ ಕೆಲಸದಲ್ಲಿದ್ದಾನೆ. ಶಿಕ್ಷಕರ ದಿನ ತಪ್ಪದೆ ಫೋನು ಮಾಡುತ್ತಾನೆ. ನಾನು ಅವನಿಗೆ ಏನನ್ನೂ ಹೇಳಿಲ್ಲ, ಹೇಳಬೇಕಾದದ್ದೂ ಇಲ್ಲ, ಅವನ ತಪ್ಪೇನಿದೆ?

ಹೋದ ನವೆಂಬರ್‌ನಲ್ಲಿ, ಬದುಕಿದ್ದೇನೆ ಎಂದು ಪಿಂಚಣಿಯ ಕಾಗದಕ್ಕೆ ಸಹಿ ಹಾಕಲು ಧಾರವಾಡಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ಕಂಡಕ್ಟರ್ ಹೆಣ್ಣುಮಗಳು. “ಆಧಾರ್ ತೋರಸ್ರಿ ಅಜ್ಜಿ” ಎನ್ನುತ್ತ ಬಂದವಳು, ನಾನು ಕೈಗಡಿಯಾರ ನೋಡುತ್ತಿದ್ದುದನ್ನು ಕಂಡು ಅಲ್ಲೇ ನಿಂತಳು.

“ಬಿ ಕ್ಲಾಸಿನ ಅಕ್ಕೋರ ಅಲ್ರಿ? ಗಡಿಯಾರ ನೋಡೂದು ನೋಡೇ ಗೊತ್ತಾತು ನೋಡ್ರಿ. ನಾ ಎ ಕ್ಲಾಸಿನಾಕಿ. ಚುರುಮುರಿ ಭಟ್ಟಿಯವರಾಕಿ.”

ನನ್ನ ಟಿಕೆಟ್ ಹರಿದು ಕೊಟ್ಟು, ಹಿಂದಿನವರಿಗೂ ಕೊಟ್ಟು ಮುಗಿಸಿ, ತಿರುಗಿ ಬಂದು ನನ್ನ ಸೀಟಿನ ಕಂಬಿಗೆ ಒರಗಿ ನಿಂತಳು. ಮದುವೆ, ಎರಡು ಮಕ್ಕಳು, ನವನಗರದಲ್ಲಿ ಬಾಡಿಗೆ ಮನೆ. ಪಿಯುಸಿ ಪಾಸಾಗಿದ್ದರಿಂದ ಈ ನೌಕರಿ ಸಿಕ್ಕಿತು ಎಂದಳು. “ಈಗ ನಮ್ಮ ಜಿಲ್ಲಾದಾಗ ಎಂಟು ತಾಲೂಕು ಆಗ್ಯಾವ ಅಕ್ಕೋರ, ಅಣ್ಣಿಗೇರಿ, ಅಳ್ನಾವರ ಎಲ್ಲಾ ಸೇರಿ. ಸರ್ ಇದ್ದಿದ್ರ ಇನ್ನೂ ಮೂರು ಚೀಲ ಹೊಲಿಸಬೇಕಾಗಿತ್ತು” ಎಂದು ನಕ್ಕಳು. ನಾನೂ ನಕ್ಕೆ.

“ದಾರ್ಯಾಗ ನಿನಗ ಬಹಳ ಪಾಠ ಹೇಳಿರಬೇಕಲ್ಲವಾ ಅವರು?” ಎಂದೆ.

“ಗಣಿತ ಹೇಳ್ತಿದ್ರು, ವ್ಯಾಕರಣ ಹೇಳ್ತಿದ್ರು. ಜಿಲ್ಲಾದ್ದು ಮಾತ್ರ ಹೇಳ್ತಿರಲಿಲ್ರಿ. ಮಲಪ್ರಭಾ ಎಲ್ಲಿ ಹುಟ್ಟತೈತಿ ಸರ್ ಅಂತ ಕೇಳಿದ್ರ, ಪುಸ್ತಕದಾಗ ಏನೈತಿ ನೋಡವಾ, ಅದನ್ನ ಬರಿ ಅಂತಿದ್ರು.” ಅವಳು ಕಿಟಕಿಯಾಚೆ ನೋಡಿದಳು. “ಬಿ ಕ್ಲಾಸಿನ ಅಕ್ಕೋರು ಹೇಳಿದ್ದ ಖರೇ ಇತ್ತು, ನಾನ ತಪ್ಪಿದೆ, ನಿನ್ನ ಸೀಟ್ ಕಳದೆ ಅಂತ… ಮೂರು ವರ್ಷದಾಗ ಏನಿಲ್ಲಂದ್ರೂ ನೂರು ಸಲ ಅಂದಿರಬೇಕು.”

ಬಸ್ಸು ಉಣಕಲ್ ದಾಟಿತ್ತು. ಅರ್ಜಿಯ ಸಂಗತಿ ಅವಳಿಗೆ ಗೊತ್ತಿದೆಯೇ ಇಲ್ಲವೇ ಎಂದು ಅವಳ ಮುಖದಿಂದ ತಿಳಿಯಲಿಲ್ಲ. ಮಾಸ್ತರು ಹೇಳಿರಲಿಕ್ಕಿಲ್ಲ. ಹೇಳುವ ಪೈಕಿಯವರಲ್ಲ ಅವರು.

“ನೀ ಬರದದ್ದ ಖರೇ ಇತ್ತವಾ” ಎಂದೆ. “ಐದ ಇದ್ದವು.”

“ಅದು ನನಗ ಆವಾಗ ಗೊತ್ತಿತ್ರಿ ಅಕ್ಕೋರ” ಎಂದಳು. “ಸರ್‌ಗೆ ಯಾರರೆ ಹೇಳಬೇಕಾಗಿತ್ತು.”

ಮುಂದಿನಿಂದ ಯಾರೋ ಸ್ಟಾಪು ಹೋಯಿತೆಂದು ಕೂಗಿದರು. ಅವಳು ಸೀಟಿ ಊದಿ, “ಲಗೂ ಇಳೀರಿ, ಮೊದಲ ಹೇಳಾಕ ಏನಾಗಿತ್ತ್ರಿ?” ಎಂದು ಬೈಯುತ್ತ ಬಾಗಿಲ ಕಡೆಗೆ ಹೋದಳು. ಧಾರವಾಡದವರೆಗೆ ಗದ್ದಲ ಹೆಚ್ಚಾಯಿತು, ಮತ್ತೆ ಮಾತಾಡಲು ಆಗಲಿಲ್ಲ. ಇಳಿಯುವಾಗ ಕೈ ಹಿಡಿದು ಇಳಿಸಿದಳು.

ಸುತ್ತೋಲೆ ನಮ್ಮ ಶಾಲೆಗೆ ಬಂದದ್ದು ಯಾವಾಗ ಎಂದು ಈಗ ನೆನಪಿಲ್ಲ. ಬಂದ ದಿನವೇ ಫೈಲಿಗೆ ಹಾಕಿದ್ದೆ, ಅಷ್ಟು ಖಚಿತ. ಅದನ್ನು ಹಿಡಿದು ರಸ್ತೆಗೆ ಬಂದು, ಹತ್ತು ಗಂಟೆಗೆ ಹಾದುಹೋಗುವ ಮನುಷ್ಯನಿಗೆ ತೋರಿಸಬೇಕೆಂದು ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾದೀತು. ಹೊಳೆದಿತ್ತು. ನಾಳೆ ಎಂದುಕೊಂಡಿದ್ದೆ. ನಾಳೆಗೆ ಎಂದು ಬಿಟ್ಟ ಕೆಲಸ ನನ್ನ ಜೀವನದಲ್ಲಿ ಅದೊಂದೇ. ಆ ವರ್ಷ ನಮ್ಮ ಜಿಲ್ಲೆಯಲ್ಲಿ ಇದ್ದದ್ದು ಐದು ತಾಲೂಕು. ಇಷ್ಟನ್ನು ಈಗ ಬರೆದು ಸಹಿ ಮಾಡಬಲ್ಲೆ. ಓದಬೇಕಾದವರು ಇಲ್ಲ.